ಅರ್ಧ ನಿಮಿಷದ ಎಣಿಕೆ

ಮಂಗಳವಾರ, ಜನವರಿ 20

ಇವತ್ತೂ ಆಗಲಿಲ್ಲ. ನಿದ್ದೆ ಬರಲೆಂದು ಶಹಾಪುರದ ಡಾಕ್ಟರು ಹೇಳಿಕೊಟ್ಟ ಉಸಿರಾಟ: ನಾಲ್ಕು ಎಣಿಸುತ್ತ ಒಳಗೆ, ಆರು ಎಣಿಸುತ್ತ ಹೊರಗೆ, ಐದು ನಿಮಿಷ. ಮೊಬೈಲಿನಲ್ಲಿ ಟೈಮರ್ ಹಚ್ಚಿ ಕೂತರೆ ಬೇರೊಂದು ಎಣಿಕೆ ನೆನಪಾಗುತ್ತದೆ.

ಹೋದ ತಿಂಗಳು ವನದುರ್ಗ ಹಳ್ಳಿಯ ಮಕ್ಕಳ ತಪಾಸಣೆಯಲ್ಲಿ, ಸಪ್ನಾ ಎಂಬ ತಾಯಿಯ ಐದು ತಿಂಗಳ ಕೂಸಿನ ಉಸಿರನ್ನೂ ಹೀಗೇ ಎಣಿಸಿದ್ದೆ. ಕೂಸಿಗೆ ಕೆಮ್ಮು ಇದ್ದರೆ ಅಂಗಿ ಸರಿಸಿ, ಹೊಟ್ಟೆ ನೋಡುತ್ತ ಪೂರ್ತಿ ಒಂದು ನಿಮಿಷ ಎಣಿಸಬೇಕು. ಐವತ್ತು ಮುಟ್ಟಿದರೆ ನ್ಯುಮೋನಿಯಾ ಇರಬಹುದೆಂದು ದೊಡ್ಡ ದವಾಖಾನೆಗೆ ಕಳಿಸಬೇಕು. ಇಪ್ಪತ್ತು ವರ್ಷದಿಂದ ನರ್ಸು ನಾನು, ಗೊತ್ತಿಲ್ಲದ್ದಲ್ಲ. ಸಾಲಿನಲ್ಲಿ ಇನ್ನೂ ಹನ್ನೊಂದು ಮಕ್ಕಳಿದ್ದವು. ಅರ್ಧ ನಿಮಿಷಕ್ಕೆ ಇಪ್ಪತ್ಮೂರು ಎಣಿಸಿ, ದುಪ್ಪಟ್ಟು ಮಾಡಿ, ನಲವತ್ತಾರು ಎಂದು ಬರೆದುಬಿಟ್ಟೆ.

"ಇನ್ನೊಂದ್ಸಲ ನೋಡ್ರಿ ಅಕ್ಕೋರೆ, ಎದಿ ಭಾಳ ಹಾರಾಕತ್ತದ," ಎಂದಳು ಸಪ್ನಾ.

"ಏನೂ ಆಗಿಲ್ಲ, ನಡಿ," ಎಂದೆ.

ಮೂರನೇ ದಿನ ಕೂಸು ಹೋಯಿತು.

ಇವತ್ತು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಳು. "ಭಾಳ ಸೊರಗೀರಿ ಅಕ್ಕೋರೆ, ಊಟ ಮಾಡಾಕತ್ತೀರಿಲ್ಲೋ?" ಎಂದು ಕೇಳಿದಳು. ಆ ಅರ್ಧ ನಿಮಿಷದ ವಿಷಯ ಅವಳಿಗೆ ಗೊತ್ತಿಲ್ಲ. ಹೂಂ ಎಂದು ಬಸ್ ಹತ್ತಿದೆ.

ದಿನಾ ಮೂವತ್ತು ಸೆಕೆಂಡಾದ ಕೂಡಲೇ ಕೈ ತಾನಾಗಿ ಟೈಮರ್ ನಿಲ್ಲಿಸುತ್ತದೆ. ಇಷ್ಟು ಬರೆದ ಮೇಲೆ ಮತ್ತೆ ಟೈಮರ್ ಹಚ್ಚಿ, ಈ ಸಲ ಕೈಗೆ ನಿಲ್ಲಿಸಲು ಬಿಡದೆ ಕೂತೆ. ಪೂರ್ತಿ ಒಂದು ನಿಮಿಷ ಎಣಿಸಿದೆ.

ನನ್ನ ಉಸಿರನ್ನು.