ಕನ್ನಡಿಗೆ ಕಾಣದ ಸೀಟು

ರೀ,

ಹಾಲು ಕಾಯಿಸಿದ್ದೀನಿ, ಮುಚ್ಚಿಡಿ.

ನರ್ಸಮ್ಮನ ಮಗಳ ಯೂನಿಫಾರ್ಮು ಕುರ್ಚಿ ಮೇಲಿದೆ. ಕಾಲರ್ ಹೊಲಿದು ಹೊಸ ಗುಂಡಿ ಹಾಕಿದ್ದೀನಿ. ವ್ಯಾನ್ ಹತ್ತುವಾಗ ಕೊಡಿ.

ಬಾಗಿಲಿಗೆ ಸಿಕ್ಕಿ ಹರೀತು ಅಂತಾಳೆ ಆ ಹುಡುಗಿ. ಬಾಗಿಲಿಗೆ ಸಿಕ್ಕರೆ ಜೇಬು ಹರಿಯುತ್ತೆ, ಕಾಲರ್ ಹರಿಯುತ್ತಾ? ಹಿಂದಿನಿಂದ ಯಾರೋ ಹಿಡಿದು ಜಗ್ಗಿದ್ದಾರೆ. ಹೋದ ವಾರವೂ ಅಲ್ಲೇ ಹರಿದಿತ್ತು.

ವ್ಯಾನ್ ಓಡಿಸೋರು ನೀವು. ಕೇಳಿದರೆ "ನನ್ನ ಕಣ್ಣು ರಸ್ತೆ ಮೇಲಿರುತ್ತೆ ಕಣೇ" ಅಂದ್ರಿ. ಮತ್ತೆ ಆ ಕನ್ನಡಿ ಯಾಕೆ, ತಲೆ ಬಾಚ್ಕೊಳ್ಳೋಕಾ? ಅವಳ ಹಿಂದೆ ಕೂರೋದು ಯಾರು ಅಂದಿದ್ದಕ್ಕೆ ಮಾತು ತೇಲಿಸಿಬಿಟ್ರಿ.

ಇವತ್ತು ನಮ್ಮ ಮಗರಾಯನನ್ನ ಮುಂದೆ, ನಿಮ್ಮ ಪಕ್ಕದಲ್ಲೇ ಕೂರಿಸ್ಕೊಳ್ಳಿ. ಯಾಕೆ ಅಂತ ಅವನು ಕೇಳಿದರೆ, ಚೀಟಿ ಮೇಲಿಟ್ಟಿರೋ ಹಳೇ ಗುಂಡಿ ತೋರಿಸಿ. ಬೆಳಿಗ್ಗೆ ಬಟ್ಟೆ ನೆನೆಹಾಕುವಾಗ ಅವನ ಚಡ್ಡಿ ಜೇಬಲ್ಲಿ ಸಿಕ್ತು.