ಸೀನುವ ದೆವ್ವದ ಕ್ಯಾಸೆಟ್

ವರ್ನಾ ಚಿಕ್ಕಮ್ಮ,

ಕುಂಬಳಕಾಯಿ ಸೂಪ್ ಒಲೆಯ ಮೇಲಿದೆ. ಹ್ಯಾಲೋವೀನ್ ಹಬ್ಬಕ್ಕೆ ದೆವ್ವದ ವೇಷ ಹಾಕಿ ಮನೆಮನೆಗೆ ಬರುವ ಮಕ್ಕಳಿಗೆ ಮಿಠಾಯಿ ಬುಟ್ಟಿ ಬಾಗಿಲ ಬಳಿ ಇಟ್ಟಿದ್ದೇನೆ. ಜಗಲಿಯ ದೀಪ ಉರಿಯುತ್ತಿರಲಿ. ಆರಿಸಿದರೆ ಹೋದ ವರ್ಷದಂತೆ ಒಂದು ಮಗುವೂ ಮೆಟ್ಟಿಲು ಹತ್ತುವುದಿಲ್ಲ.

ಇನ್ನೊಂದು ಮಾತು. ಚಿಕ್ಕಪ್ಪನ ದೆವ್ವದ ಕಾರ್ಟೂನ್ ವಿಡಿಯೋ ಕ್ಯಾಸೆಟ್ಟನ್ನು ನಾನು ಶುರುವಿಗೆ ಹಿಂದಕ್ಕೆ ಸುತ್ತಿಟ್ಟಿದ್ದೆ. ಇವತ್ತು ಹಾಕಿದರೆ, ದೆವ್ವ ಸೀನಿ ತನ್ನ ಬಿಳಿ ಬಟ್ಟೆ ಹಾರಿಸಿಕೊಳ್ಳುವಲ್ಲಿ ನಿಂತಿದೆ. ಚಿಕ್ಕಪ್ಪ ಹೊಟ್ಟೆ ಹಿಡಿದು ನಗುತ್ತಿದ್ದುದು ಅಲ್ಲೇ. “ಅವರೇ ಹೋದ್ಮೇಲೆ ಆ ಹಾಳು ದೆವ್ವ ಯಾಕೆ, ಬಿಸಾಕೇ” ಅಂದವರು ನೀವು. ನಮ್ಮ ಬೆಕ್ಕಿಗಂತೂ ಗುಂಡಿ ಒತ್ತಲು ಬರುವುದಿಲ್ಲ.

ಏಳಕ್ಕೆ ಬರುತ್ತೇನೆ. ಬಾಗಿಲ ಸದ್ದಿಗೆ ಟಿವಿ ಆರಿಸಲು ಓಡಬೇಡಿ. ನಕ್ಕಿರೋ ಅತ್ತಿರೋ ಕೇಳುವುದಿಲ್ಲ. ಪಕ್ಕದಲ್ಲಿ ನನಗೂ ಜಾಗ ಬಿಡಿ.

ಡಾರ್ಲೀನ್