ಬ್ರಿಗೇಡಿಯರ್ ತಲೆ ಬಾಗಿದ್ದು

ನವೆಂಬರ್ 11, ಮಂಗಳವಾರ

ನಾಮಫಲಕ ಮೂರನೇ ಸಲ ಪ್ರಿಂಟ್. ದರ್ಜೆ ಬೇಡ, ದೇಶ ಬೇಡ, ಬರೀ ಹೆಸರು — ಮುರಳೀಧರನ್ ಸರ್ ಆಜ್ಞೆ. ಡೈರೆಕ್ಟರ್ ಅಲ್ಲವೇ, ಮಾಡಲಿ. ಇನ್ನೊಂದು ಉಪಾಯ ಅವರದು: ಟೀ ಕೋಣೆಯಲ್ಲಿ ಹನ್ನೆರಡು ಜನಕ್ಕೆ ಐದೇ ಕುರ್ಚಿ. ಕೂತರೆ ತಮ್ಮವರ ಪಕ್ಕವೇ ಕೂರುತ್ತಾರಂತೆ, ನಿಂತರೆ ಬೆರೆಯುತ್ತಾರಂತೆ. ಮಿಕ್ಕ ಕುರ್ಚಿ ಹೊತ್ತು ಹೊರಗೆ ಹಾಕಿ ಸೊಂಟ ಹಿಡಿದುಕೊಂಡಿದೆ. ಅಂತಾರಾಷ್ಟ್ರೀಯ ಭದ್ರತೆಗೆ ನನ್ನ ಕೊಡುಗೆ ಇಷ್ಟು.

ನಾಳೆಯಿಂದ ಮೂರು ದಿನ ಸಂವಾದ. ನಮ್ಮವರು ಆರು, ಗಡಿಯಾಚೆಯವರು ಆರು. ಎಲ್ಲ ನಿವೃತ್ತರು — ಸೈನ್ಯ, ರಾಯಭಾರ ಕಚೇರಿ, ಒಬ್ಬರು ಪ್ರೊಫೆಸರ್. ಸರ್ಕಾರಗಳು ಮಾತು ಬಿಟ್ಟು ಎರಡು ವರ್ಷ. ಹಾಗಾಗಿ ಇಂಥವರನ್ನು ಕೂನೂರಿನಂಥ ಮೂಲೆಗೆ ಕರೆಸಿ ಮಾತಾಡಿಸುವುದು ನಮ್ಮಂಥ ಸಂಸ್ಥೆಯ ಕೆಲಸ. ನಿಯಮ ಒಂದೇ. ಇಲ್ಲಿ ಕೇಳಿದ ಮಾತನ್ನು ಹೊರಗೆ ಹೇಳಬಹುದು. ಯಾರು ಆಡಿದರು, ಯಾರು ಬಂದಿದ್ದರು ಎಂದು ಹೇಳುವಂತಿಲ್ಲ. ಫೋಟೋ ಇಲ್ಲ.

ಆ ದೇಶದ ಹೆಸರು ಇಲ್ಲೂ ಬರೆಯುವುದಿಲ್ಲ. ಅಭ್ಯಾಸ. ಈ ಡೈರಿ ಕನ್ನಡದಲ್ಲಿ, ಮೈಸೂರಿನಲ್ಲಿ ಎಂ.ಎ. ಓದಿದಾಗ ಹತ್ತಿದ ಚಟ. ಆಫೀಸಿನಲ್ಲಿ ಒಬ್ಬರಿಗೂ ಕನ್ನಡ ಓದಲು ಬಾರದು, ಪುಣ್ಯ.

ನವೆಂಬರ್ 12, ರಾತ್ರಿ ಊಟದ ಮೇಲೆ

ದಿನವಿಡೀ ನಕ್ಷೆ ಒಂದರ ಮೇಲೇ ಜಗಳ. ಚರ್ಚೆಗೆ ಇಟ್ಟದ್ದು ಕುರುಬರ ವಿಷಯ. ಹಿಮದ ಗುಡ್ಡಗಳಲ್ಲಿ ಕುರಿ ಹಿಂದೆ ಹೋಗಿ ಗಡಿ ದಾಟುವವರು. ಎರಡೂ ಕಡೆ ಜೈಲಿನಲ್ಲಿ ವರ್ಷಗಟ್ಟಲೆ ಕೊಳೆಯುತ್ತಾರೆ. ವಾರದೊಳಗೆ ವಾಪಸ್ ಕಳಿಸಿ ಎಂದು ಜಂಟಿಯಾಗಿ ಎರಡೂ ಸರ್ಕಾರಗಳಿಗೆ ಶಿಫಾರಸು ಮಾಡಬೇಕು, ಅಷ್ಟೇ. ಆದರೆ ‘ದಾಟುವುದು’ ಎಂದರೆ ಯಾವ ಗೆರೆ?

ನಮ್ಮ ಕರ್ನಲ್ ರಂಗನಾಥನ್, ಅವರ ಬ್ರಿಗೇಡಿಯರ್ — ಒಂದೇ ಯುದ್ಧದಲ್ಲಿ ಒಂದೇ ಗುಡ್ಡದ ಎರಡು ಮಗ್ಗುಲಲ್ಲಿದ್ದವರು. ಇಬ್ಬರಿಗೂ ಎಪ್ಪತ್ತು ದಾಟಿದೆ. ಟೀ ಕೋಣೆಯಲ್ಲೂ ಎದುರುಬದುರು ಗೋಡೆಗೆ ಒರಗಿ ನಿಂತರು. ಐದು ಕುರ್ಚಿಯೂ ಖಾಲಿ.

ನವೆಂಬರ್ 13, ಗುರುವಾರ

ಬೆಳಿಗ್ಗೆ ಅವ್ವೆಯ ಫೋನ್. “ಹೆತ್ತಪ್ಪ ಹೋತು, ಹೆಣ್ಣೆ. ಈಗಳೇ ಬಾ.”

ಹೆತ್ತಪ್ಪ ಎಂದರೆ ನಮ್ಮ ಮಾತಿನಲ್ಲಿ ಅಜ್ಜ; ಇವರು ಅಜ್ಜನ ತಮ್ಮ. ನನ್ನನ್ನು ಹೆಗಲ ಮೇಲೆ ಹೊತ್ತು ತೋಟ ತಿರುಗಿಸಿದವರು. ತಿಂಡಿ ಹೊತ್ತಿಗೆ ರಜೆ ಕೇಳುತ್ತಿದ್ದಾಗ ಅಳು ಬಂದುಬಿಟ್ಟಿತು, ಎಲ್ಲರೆದುರಿಗೆ. ಬ್ರಿಗೇಡಿಯರ್ ವಯಸ್ಸು ಕೇಳಿದರು, ಏನು ಮಾಡುತ್ತಿದ್ದರು ಎಂದು ಕೇಳಿದರು. ಸೈನ್ಯದಲ್ಲಿದ್ದರು ಎಂದೆ. ಯಾವ ರೆಜಿಮೆಂಟ್, ಎಲ್ಲಿ? ಹೇಳಿದೆ — ಅದೇ ಯುದ್ಧ, ಅದೇ ಗುಡ್ಡ, ಎರಡು ಬೆರಳು ಅಲ್ಲೇ ಬಿಟ್ಟು ಬಂದರು ಎಂದು. ಅವರು ಕಪ್ ಕೆಳಗಿಟ್ಟರು. ಆಮೇಲೆ ಹೆತ್ತಪ್ಪನ ಹೆಸರು ಕೇಳಿದರು. ಬೆಳ್ಳಿ ಎಂದೆ. ತಾವೂ ಬರಬಹುದೇ ಎಂದು ಕೇಳಿದರು.

ಕರ್ನಲ್ ತಾವಾಗಿಯೇ ಜೀಪ್ ಹತ್ತಿದರು. ಸರ್ ಪೊಲೀಸರಿಗೆ ಫೋನ್ ಮಾಡಿ ಹೊರಗೆ ಹೋಗಲು ಒಪ್ಪಿಗೆ ಪಡೆದು, “ದೊಡ್ಡ ಟೀ ಬ್ರೇಕ್ ಅಂದುಕೊಳ್ಳೋಣ” ಎಂದರು.

ಕಟ್ಟಬೆಟ್ಟಿನಿಂದ ಕೆಳಗೆ ನಮ್ಮ ಹಟ್ಟಿ. ಅರುವತ್ತು ಮನೆ, ಎಲ್ಲ ನೆಂಟರೇ. ಇವರನ್ನು ಯಾರು ಏನೆನ್ನುತ್ತಾರೋ ಎಂದು ಜೀವ ಕೈಯಲ್ಲಿ ಹಿಡಿದುಕೊಂಡಿದ್ದೆ. ಅವ್ವೆ ಇಬ್ಬರಿಗೂ ಕಾಪಿ ಕೊಟ್ಟು, ಸಾವಿಗೆ ಬಂದವರನ್ನು ಎಲ್ಲಿಯವರು ಎಂದು ಕೇಳುವ ಪದ್ಧತಿ ಇಲ್ಲ ಎಂದಳು. ಹೆತ್ತಪ್ಪನನ್ನು ಹುಲ್ಲುಬಯಲಿನಲ್ಲಿ ಮಂಚದ ಮೇಲೆ ಮಲಗಿಸಿದ್ದರು.

ಪಾಪ ಹೇಳುವ ಹೊತ್ತು. ನಮ್ಮಲ್ಲಿ ಸತ್ತವರ ತಪ್ಪುಗಳನ್ನು ಹಿರಿಯರೊಬ್ಬರು ಎಲ್ಲರ ಮುಂದೆ ಒಂದೊಂದಾಗಿ ಹೇಳುತ್ತಾರೆ, ಸೇರಿದವರೆಲ್ಲ ಅದು ಬಿಟ್ಟುಹೋಗಲಿ ಎನ್ನುತ್ತಾರೆ. ಹಸುವಿಗೆ ಹೊಡೆದದ್ದು, ದಾರಿಗೆ ಮುಳ್ಳು ಹಾಕಿದ್ದು, ಎಲ್ಲೆ ಕಲ್ಲು ಸರಿಸಿದ್ದು. ನಾನು ಪಕ್ಕದಲ್ಲಿ ನಿಂತು ಮೆಲ್ಲಗೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದೆ. ಅವರು ನಿಜವಾಗಿ ಕಲ್ಲು ಸರಿಸಿದ್ದರೇ ಎಂದು ಬ್ರಿಗೇಡಿಯರ್ ಕೇಳಿದರು. ಇಲ್ಲ ಸರ್, ಎಲ್ಲರಿಗೂ ಹೀಗೇ ಹೇಳುವುದು, ವಂಶದಲ್ಲಿ ಯಾರೋ ಒಬ್ಬರು ಸರಿಸಿಯೇ ಇರುತ್ತಾರಲ್ಲ, ಎಂದೆ. ಕರ್ನಲ್ ಮೊದಲ ಸಲ ಬ್ರಿಗೇಡಿಯರ್ ಮುಖ ನೋಡಿದರು.

ಈಗ ನಾನೇನು ಮಾಡಬೇಕು ಎಂದರು ಬ್ರಿಗೇಡಿಯರ್. ಕಾಲ ಬಳಿ ತಲೆ ಬಾಗಿಸಬೇಕು ಎಂದೆ. ಬಾಗಿದರು. ತುಂಬ ಹೊತ್ತು ಏಳಲಿಲ್ಲ. ಕರ್ನಲ್ ತೋಳು ಹಿಡಿದು ಎಬ್ಬಿಸಿದರು.

ಒಂದು ಫೋಟೋ ತೆಗೆದೆ. ಹಟ್ಟಿಯ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಸಾವಿಗೆ ಬರಲಾಗದ ನೆಂಟರಿಗೆ ಹಾಗೆ ಹಾಕುವುದು ರೂಢಿ. ‘ನಮ್ಮ ಹೆತ್ತಪ್ಪನಿಗೆ ಆಚೆ ಕಡೆಯ ಬ್ರಿಗೇಡಿಯರ್ ತಲೆ ಬಾಗಿದ್ದು’ ಅಂತಲೂ ಬರೆದೆ. ಹೆಮ್ಮೆ.

ನವೆಂಬರ್ 14

ಆಯ್ತು! ಏಳು ಸಾಲಿನ ಶಿಫಾರಸು. ಟೀ ಕೋಣೆಯ ಕಿಟಕಿ ಬಳಿ ಇಬ್ಬರು ಮುದುಕರೂ ನಿಂತೇ ಬರೆದರು. ಗೆರೆಯ ಮಾತೇ ಇಲ್ಲ — ‘ತನ್ನ ಮನೆಯಿಂದ ದೂರ ಸಿಕ್ಕ ಕುರುಬ’ ಅಂತ. ಹನ್ನೆರಡೂ ಸಹಿ. ಸರ್ ಕಣ್ಣು ಒರೆಸಿಕೊಂಡರು, ಶೀತ ಎಂದರು. ನಾನು ಹೊರಗೆ ಹೋಗಿ ಜೋರಾಗಿ ಅತ್ತೆ, ಹೆತ್ತಪ್ಪನಿಗೂ ಇದಕ್ಕೂ ಸೇರಿಸಿ.

ನವೆಂಬರ್ 19

ಕೈಯಾರೆ ಕೆಡಿಸಿದೆ.

ಫೋಟೋ ಆ ದೇಶದ ಟಿ.ವಿ.ಯಲ್ಲಿ. ಬ್ರಿಗೇಡಿಯರ್ ಮುಖಕ್ಕೆ ಕೆಂಪು ಸುತ್ತು. ನಮ್ಮ ಕಡೆ ‘ನಮ್ಮ ಯೋಧನ ಕಾಲಿಗೆ ಬಿದ್ದ ಶತ್ರು’ ಎಂದು ಕುಣಿಯುತ್ತಿದ್ದಾರೆ, ಅವರ ಕಡೆ ‘ದೇಶ ಮಾರಿದವನು’ ಎಂದು ಕೂಗುತ್ತಿದ್ದಾರೆ.

ಹಟ್ಟಿಯ ಗ್ರೂಪಿನಿಂದಲೇ ಹೋದದ್ದು. ದೊಡ್ಡಪ್ಪನ ಮಗ ಸತೀಶ್‌ಕುಮಾರ್‌ಗೆ ಇಲ್ಲೇ ಪಕ್ಕದ ಸೈನ್ಯದ ಊರು ವೆಲ್ಲಿಂಗ್ಟನ್‌ನಲ್ಲಿ ಅಂಗಡಿ, ಗಿರಾಕಿಗಳಿಗೆ ಕಳಿಸಿದ್ದಾನೆ. ಬೈಯಬೇಕು ಎಂದು ಅಂಗಡಿಗೆ ಹೋದೆ. ಹೆತ್ತಪ್ಪನಿಗೆ ಎಂಥ ಮರ್ಯಾದೆ ಸಿಕ್ಕಿತು ಎಂದು ನಾಲ್ಕು ಜನಕ್ಕೆ ತೋರಿಸಿದೆ ಅಕ್ಕಾ, ಎಂದ. ನಾನೂ ಅದಕ್ಕೇ ಹಾಕಿದ್ದೆನಲ್ಲ. ವಾಪಸ್ ಬಂದೆ. ನಾಲ್ಕು ವರ್ಷದಿಂದ ಗೋಪ್ಯತೆಯ ನಿಯಮ ಟೈಪ್ ಮಾಡುವವಳು ನಾನು. ಹಟ್ಟಿ ಎಂದರೆ ಹೊರಗು ಅಂತ ಅನಿಸಲೇ ಇಲ್ಲ.

ನವೆಂಬರ್ 21

ಆಚೆಯ ಐವರು ಸಹಿ ಹಿಂತೆಗೆದರು. ಮಧ್ಯಾಹ್ನದ ಹೊತ್ತಿಗೆ ನಮ್ಮವರಲ್ಲಿ ನಾಲ್ವರು. ಕರ್ನಲ್ ಹಿಂತೆಗೆದಿಲ್ಲ. ಆದರೆ ಏಳು ಸಾಲೂ ಸತ್ತಂತೆಯೇ.

ಸರ್ ಬೈಯಲಿಲ್ಲ. ಊಟ ಮಾಡಿದೆಯಾ ಎಂದು ಕೇಳಿದರು. ಬೈದಿದ್ದರೆ ಚೆನ್ನಾಗಿತ್ತು.

ನವೆಂಬರ್ 25

ಬ್ರಿಗೇಡಿಯರ್ ಮನೆಗೆ ಕಲ್ಲು ಬಿದ್ದಿದೆ. ವಿಚಾರಣೆಗೆ ಕರೆದಿದ್ದಾರೆ.

ಸರ್ ಮತ್ತು ನಾನು ಕೂತು ಹೇಳಿಕೆ ಬರೆದೆವು. ಸತ್ತವರು ಯಾರೆಂದು ಬ್ರಿಗೇಡಿಯರ್‌ಗೆ ತಿಳಿದಿರಲಿಲ್ಲ; ಸಿಬ್ಬಂದಿ ಸುಗನ್ಯಾ ತಲೆ ಬಾಗಿಸಿ ಎಂದಳು, ಮರ್ಯಾದೆಗೆ ಬಾಗಿದರು. ಕೆಳಗೆ ಸುಗನ್ಯಾ ಎಂದು ನನ್ನ ಸಹಿ. ಅರ್ಧ ನಿಜ, ಅರ್ಧ ಸುಳ್ಳು. ಕೆಲಸ ಹೋಗುತ್ತದೆ, ಹೋಗಲಿ. ಒಪ್ಪಿಗೆಗೆ ಬ್ರಿಗೇಡಿಯರ್‌ಗೆ ಕಳಿಸಿದೆವು.

ಸಂಜೆ ಅವರೇ ಫೋನ್ ಮಾಡಿದರು. ದನಿ ಮಾಮೂಲಿನಂತೆ. ಮೊದಲು ಅವ್ವೆಯ ಕ್ಷೇಮ ಕೇಳಿದರು. ಆಮೇಲೆ — “ನಾನು ಹೆಸರು ಕೇಳಿಕೊಂಡು ಬಂದವನು, ಮಗಳೇ. ಗೊತ್ತಿದ್ದೇ ಬಾಗಿದ್ದು. ಐವತ್ತು ವರ್ಷದಲ್ಲಿ ಮನಸಾರೆ ಮಾಡಿದ್ದು ಅದೊಂದು. ಅದನ್ನು ತಿಳಿಯದೆ ಮಾಡಿದ್ದು ಅನ್ನಬೇಡ.”

ಕಳಿಸುವುದಿಲ್ಲ ಎಂದು ಮಾತು ಕೊಟ್ಟೆ. ಇನ್ನೇನು ಮಾಡಲಿ? ನಾನು ತೆಗೆದ ಫೋಟೋ ಬಗ್ಗೆ ಒಂದು ಮಾತೂ ಆಡಲಿಲ್ಲ ಅವರು.

ಡಿಸೆಂಬರ್ 3

ಸುದ್ದಿ ಇಲ್ಲ. ಮಂಜು ಇಳಿಯುತ್ತಿದೆ, ಹಟ್ಟಿಯಲ್ಲಿ ಟೀ ಎಲೆ ಚಳಿಗೆ ಸುಟ್ಟಿದೆಯಂತೆ. ಏಪ್ರಿಲ್‌ಗೆ ಇಟ್ಟಿದ್ದ ಮುಂದಿನ ಸಂವಾದ ರದ್ದು. ಸರ್ ದಿನವೂ ಬಂದು ಕೂತು ಹೋಗುತ್ತಾರೆ. ಟೀ ಕೋಣೆಗೆ ಯಾರೋ ಕುರ್ಚಿಗಳನ್ನೆಲ್ಲ ಮತ್ತೆ ತಂದು ಹಾಕಿದ್ದಾರೆ.

ಡಿಸೆಂಬರ್ 8, ಸೋಮವಾರ

ಬ್ರಿಗೇಡಿಯರ್ ಮಗಳ ಫೋನ್. ಶುಕ್ರವಾರ ವಿಚಾರಣೆಗೆ ಕರೆದುಕೊಂಡು ಹೋದವರು ಇನ್ನೂ ಬಿಟ್ಟಿಲ್ಲ. ಹೃದಯದ ಮಾತ್ರೆ ಮನೆಯಲ್ಲೇ ಉಳಿದಿದೆ. ಅಲ್ಲಿ ಎರಡೇ ಪ್ರಶ್ನೆಯಂತೆ: ಸತ್ತವನು ಯಾರೆಂದು ಗೊತ್ತಿತ್ತೇ, ಗೊತ್ತಿದ್ದೂ ಏಕೆ ಬಾಗಿದೆ. ಗೊತ್ತಿರಲಿಲ್ಲ ಎಂದರೆ ಮುದುಕ, ಮೋಸಹೋದ ಎಂದು ಬಿಡುತ್ತಾರೆ, ಅನ್ನುತ್ತಾರೆ ವಕೀಲರು. ಬ್ರಿಗೇಡಿಯರ್ ಹಾಗೆ ಹೇಳುತ್ತಿಲ್ಲ.

ಅವಳು ಅಳಲಿಲ್ಲ. “ನಿಮ್ಮ ಹೇಳಿಕೆ ಇದೆಯಲ್ಲ, ಕಳಿಸಿ. ಅಪ್ಪನ ಸತ್ಯ ನನಗೆ ಬೇಡ, ಅಪ್ಪ ಬೇಕು” ಎಂದಳು.

ಸರ್‌ಗೆ ಹೇಳಿದೆ. ಮಾತು ಕೊಟ್ಟವಳು ನೀನು, ನೀನೇ ನೋಡು ಎಂದು ಕಿಟಕಿ ಕಡೆ ತಿರುಗಿ ನಿಂತರು.

ಅದೇ ದಿನ, ಸಂಜೆ

ಕಳಿಸಿದೆ. ವಕೀಲರಿಗೆ, ರಾಯಭಾರ ಕಚೇರಿಗೆ, ಎರಡು ಕಡೆಯ ಪತ್ರಿಕೆಗಳಿಗೂ. ‘ತಿಳಿದಿರಲಿಲ್ಲ’ ಎಂಬ ಪದವನ್ನು ಎರಡು ಸಲ ಹಾಕಿದೆ, ಗಟ್ಟಿಯಾಗಲಿ ಎಂದು.

ಡಿಸೆಂಬರ್ 11, ಬೆಳಿಗ್ಗೆ

ಬಿಟ್ಟರು. ನಿನ್ನೆ ಮನೆಗೆ ಬಂದರಂತೆ, ಊಟ ಮಾಡಿ ಮಲಗಿದರಂತೆ. ಮಗಳ ಮೆಸೇಜ್, ಎರಡೇ ಸಾಲು. ದೇವರೇ, ಸಾಕು.

ನನ್ನ ಹೇಳಿಕೆ ಬಂದ ಪೇಪರ್ ಅವರಿಗೆ ಇನ್ನೂ ತೋರಿಸಿಲ್ಲವಂತೆ. ಎದ್ದ ಮೇಲೆ ಕೊಡುತ್ತಾಳೆ. ಅಲ್ಲಿ ಈಗ ಗಂಟೆ ಎಂಟಾಗಿರಬೇಕು. ಎದ್ದಿರುತ್ತಾರೆ. ಕನ್ನಡಕ ಹುಡುಕಿಕೊಂಡು, ಓದಿ, ನನಗೆ ಫೋನ್ ಮಾಡಿದರೆ ನಾನು ಏನಂತ —